ಕಾರಿನ ಗೀರಿಗೆ ಟೂತ್‌ಪೇಸ್ಟ್, ಹೊಳಪಿಗೆ ಕೊಬ್ಬರಿ ಎಣ್ಣೆ: ಎಷ್ಟು ನಿಜ, ಎಷ್ಟು ಸುಳ್ಳು?

ಕಾರಿನ ಮೇಲಿನ ಗೀರಿಗೆ ಟೂತ್‌ಪೇಸ್ಟ್ ತಿಕ್ಕಿ, ಹೊಳಪಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಕೊಳೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು ಎನ್ನುವ ವಿಡಿಯೊಗಳು ವಾಟ್ಸಾಪ್‌ನಲ್ಲಿ ಆಗಾಗ ಹರಿದಾಡುತ್ತವೆ. ಇನ್ನೊಂದೆಡೆ, ಒಮ್ಮೆ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಗೀರೇ ಬೀಳುವುದಿಲ್ಲ ಎನ್ನುವ ಜಾಹೀರಾತುಗಳು. ಇವುಗಳಲ್ಲಿ ಯಾವುದನ್ನು ನಂಬಬೇಕು? ಅದಕ್ಕೂ ಮೊದಲು ಕಾರಿನ ಬಣ್ಣ ಹೇಗಿರುತ್ತದೆ ಎಂದು ನೋಡೋಣ.

ಕಾರಿನ ಬಣ್ಣ ಎಷ್ಟು ದಪ್ಪ?

ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರ್ ಎಂದರೆ 1000 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಲೆಕ್ಕ ಹಾಕಿದರೆ ಸುಮಾರು 40ರಿಂದ 50 ಮೈಕ್ರಾನ್. ಅಂದರೆ ಅದು ನಮ್ಮ ತಲೆಗೂದಲಿಗಿಂತಲೂ ತೆಳು.

ನಾವು ಕಾಣುವ ಹೊಳಪು ಈ ಪದರದ್ದೇ. ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ. ಇದು ಸವೆದು ಹೋದರೆ ಬಾನೆಟ್ ಮತ್ತು ರೂಫ್ ಮೇಲೆ ಬಿಳಿಚಿದ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ, ಸಿಪ್ಪೆ ಏಳುತ್ತದೆ. ಆಗ ಯಾವ ವ್ಯಾಕ್ಸ್ ಹಚ್ಚಿದರೂ ಪ್ರಯೋಜನವಿಲ್ಲ, ಮತ್ತೆ ಪೇಂಟ್ ಮಾಡಿಸುವುದೊಂದೇ ದಾರಿ. ಹಾಗಾಗಿ ಯಾವುದೇ ವಸ್ತು ಹಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಕ್ಲಿಯರ್ ಕೋಟನ್ನು ತೆಗೆಯುತ್ತದೆಯೇ, ಕಾಯುತ್ತದೆಯೇ?

ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ

ಅಂಗಡಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಇರುತ್ತವೆ. ಆದರೆ ಕೆಲಸ ತದ್ವಿರುದ್ಧ.

ಪಾಲಿಶ್ ಮತ್ತು ರಬ್ಬಿಂಗ್ ಕಾಂಪೌಂಡ್‌ನಲ್ಲಿ ಸೂಕ್ಷ್ಮವಾದ ಉಜ್ಜುವ ಕಣಗಳಿರುತ್ತವೆ. ಅವು ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸಿ ಸಮ ಮಾಡುತ್ತವೆ. ಗೀರು ತುಂಬಿಕೊಳ್ಳುವುದಿಲ್ಲ, ಅಕ್ಕಪಕ್ಕದ ಭಾಗವೇ ತಗ್ಗುತ್ತದೆ. ವ್ಯಾಕ್ಸ್ ಹಾಗಲ್ಲ, ಮೇಲೆ ಒಂದು ತೆಳು ಪೊರೆ ಕೂರಿಸುತ್ತದೆ. ಅದು ಗೀರನ್ನು ತೆಗೆಯುವುದಿಲ್ಲ, ಸ್ವಲ್ಪ ಮರೆಮಾಚಬಹುದು ಅಷ್ಟೆ.

ಡಬ್ಬಿಯ ಮೇಲೆ ಕಾಂಪೌಂಡ್, ಸ್ಕ್ರ್ಯಾಚ್ ರಿಮೂವರ್, ಕ್ಲೀನರ್ ವ್ಯಾಕ್ಸ್ ಎಂದಿದ್ದರೆ ಅದರಲ್ಲಿ ಉಜ್ಜುವ ಕಣಗಳು ಇರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ತಿಂಗಳು ತಿಂಗಳು ಬಳಸಬೇಡಿ.

ಗೀರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ ಎಂದರ್ಥ. ಅದನ್ನು ಪೂರ್ತಿ ಮಾಯ ಮಾಡಲು ಪಾಲಿಶ್ ತಿಕ್ಕುತ್ತಾ ಹೋದರೆ ನಷ್ಟವೇ ಹೆಚ್ಚು.

ಹರಿದಾಡುವ ಮಾತುಗಳು

ಟೂತ್‌ಪೇಸ್ಟ್‌ನಿಂದ ಗೀರು ಹೋಗುತ್ತದೆ: ಅರ್ಧ ಸತ್ಯ. ಟೂತ್‌ಪೇಸ್ಟ್‌ನಲ್ಲಿ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ಉಜ್ಜುವ ಪುಡಿ ಇರುತ್ತದೆ. ಆದ್ದರಿಂದ ಮೇಲುಮೇಲಿನ ಗೀರು ಮಸುಕಾಗಬಹುದು. ಆದರೆ ಆ ಪುಡಿಯನ್ನು ಆರಿಸಿರುವುದು ಹಲ್ಲಿಗೆ. ಹಲ್ಲಿನ ಎನಾಮೆಲ್ ಕ್ಲಿಯರ್ ಕೋಟ್‌ಗಿಂತ ಬಹಳ ಗಟ್ಟಿ. ಒಂದು ಗೀರು ಹೋಗಿ ಆ ಜಾಗ ಮಂಕಾಗುವುದೂ ಉಂಟು.

ಟೂತ್‌ಪೇಸ್ಟ್‌ನಿಂದ ಹಳದಿ ಹೆಡ್‌ಲೈಟ್ ಬೆಳ್ಳಗಾಗುತ್ತದೆ: ತಾತ್ಕಾಲಿಕವಾಗಿ ನಿಜ. ಈಗಿನ ಹೆಡ್‌ಲೈಟ್ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಉಜ್ಜಿದಾಗ ಹಳದಿಯ ಜೊತೆಗೆ, ಬಿಸಿಲನ್ನು ತಡೆಯುವ ಲೇಪದಲ್ಲಿ ಉಳಿದದ್ದೂ ಹೋಗುತ್ತದೆ. ಮೇಲೆ ಹೊಸ ಲೇಪ ಹಾಕದಿದ್ದರೆ ಹಳದಿ ಮತ್ತೆ ಬೇಗ ಬರುತ್ತದೆ.

ಕೊಬ್ಬರಿ ಎಣ್ಣೆ ಹೊಳಪು ಕೊಡುತ್ತದೆ: ಹೊಳಪು ನಿಜ, ರಕ್ಷಣೆ ಸುಳ್ಳು. ಎಣ್ಣೆಯ ಪಸೆ ಒಣಗಿ ಗಟ್ಟಿಯಾಗುವುದಿಲ್ಲ. ಅದಕ್ಕೆ ಧೂಳು ಅಂಟುತ್ತದೆ, ಮರುದಿನ ಒರೆಸುವಾಗ ಆ ಧೂಳೇ ಗೀರು ಹಾಕುತ್ತದೆ. ಸೀಮೆಎಣ್ಣೆ, ಡೀಸೆಲ್‌ನಿಂದ ಒರೆಸುವುದು ಇನ್ನೂ ಕೆಟ್ಟದ್ದು. ಅವು ಇದ್ದ ವ್ಯಾಕ್ಸನ್ನೂ ಕರಗಿಸುತ್ತವೆ, ರಬ್ಬರ್ ಬೀಡಿಂಗ್‌ಗೂ ಒಳ್ಳೆಯದಲ್ಲ. ಬೆಂಕಿಯ ಅಪಾಯ ಬೇರೆ.

ಪಾತ್ರೆ ತೊಳೆಯುವ ಲಿಕ್ವಿಡ್ ಪೇಂಟನ್ನು ತಿಂದುಹಾಕುತ್ತದೆ: ಅತಿಶಯೋಕ್ತಿ. ಒಂದು ಸಲ ಬಳಸಿದರೆ ಪೇಂಟ್ ಹಾಳಾಗುವುದಿಲ್ಲ. ಆದರೆ ಜಿಡ್ಡು ತೆಗೆಯುವುದೇ ಅದರ ಕೆಲಸವಾದ್ದರಿಂದ ನೀವು ಹಚ್ಚಿದ ವ್ಯಾಕ್ಸ್ ಕೂಡ ತೊಳೆದು ಹೋಗುತ್ತದೆ. ಪ್ರತಿವಾರದ ತೊಳೆತಕ್ಕೆ ಕಾರ್ ಶಾಂಪೂ ಬಳಸಿ.

9 ಎಚ್ ಸೆರಾಮಿಕ್ ಕೋಟಿಂಗ್ ವಜ್ರಕ್ಕೆ ಸಮ: ಸುಳ್ಳು. ವಜ್ರದ ಗಡಸುತನ 10 ಎನ್ನುವುದು ಖನಿಜಗಳನ್ನು ಅಳೆಯುವ ಮೋಸ್ ಮಾಪಕದಲ್ಲಿ. 9 ಎಚ್ ಎನ್ನುವುದು ಪೆನ್ಸಿಲ್ ಪರೀಕ್ಷೆಯ ಅಂಕ. ನಾವು ಬರೆಯುವ ಎಚ್‌ಬಿ ಪೆನ್ಸಿಲ್ ಇದೆಯಲ್ಲ, ಅದೇ ಸಾಲಿನ ಅತಿ ಗಟ್ಟಿ ಪೆನ್ಸಿಲ್‌ನಿಂದ ಗೀಚಿದರೂ ಗೀರು ಬೀಳಲಿಲ್ಲ ಎಂದಷ್ಟೇ ಅದರ ಅರ್ಥ. ಕೆಲವೇ ಮೈಕ್ರಾನ್ ದಪ್ಪದ ಈ ಲೇಪ ಹೆದ್ದಾರಿಯಲ್ಲಿ ಸಿಡಿಯುವ ಕಲ್ಲನ್ನು ತಡೆಯಲಾರದು.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಕಾರ್ನೌಬಾ ವ್ಯಾಕ್ಸ್: ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ. ಶುದ್ಧ ರೂಪದಲ್ಲಿ ಕಲ್ಲಿನಂತೆ ಗಟ್ಟಿ, ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು. ಆದ್ದರಿಂದ ಕೈಯಲ್ಲಿ ಹಚ್ಚಬಹುದಾದ ಮೆತ್ತನೆಯ ಡಬ್ಬಿಯಲ್ಲಿ ಇರುವುದೆಲ್ಲ ಕಾರ್ನೌಬಾ ಆಗಿರಲು ಸಾಧ್ಯವಿಲ್ಲ, 'ಶೇ. 100 ಕಾರ್ನೌಬಾ' ಎಂದು ಬರೆದಿದ್ದರೂ ಸಹ. ಕಡು ಬಣ್ಣದ ಕಾರಿಗೆ ಒಳ್ಳೆಯ ಹೊಳಪು ಕೊಡುತ್ತದೆ, ಕೆಲವು ವಾರಗಳಿಂದ ಒಂದೆರಡು ತಿಂಗಳು ಬಾಳುತ್ತದೆ.

ಸಿಂಥೆಟಿಕ್ ಸೀಲಂಟ್: ಪಾಲಿಮರ್‌ನಿಂದ ಮಾಡಿದ್ದು. ಸಾಮಾನ್ಯವಾಗಿ ಹಲವು ತಿಂಗಳು ನಿಲ್ಲುತ್ತದೆ. ಕಾರನ್ನು ರಸ್ತೆಬದಿಯಲ್ಲಿ, ಬಿಸಿಲು ಮಳೆಯಲ್ಲಿ ನಿಲ್ಲಿಸುವವರಿಗೆ ಇದು ಹೆಚ್ಚು ಅನುಕೂಲ.

ಸೆರಾಮಿಕ್ ಕೋಟಿಂಗ್: ವರ್ಷಗಟ್ಟಲೆ ಬಾಳಬಲ್ಲದು, ಕೊಳೆ ಸುಲಭವಾಗಿ ಹೋಗುತ್ತದೆ. ಆದರೆ ದುಬಾರಿ, ಮತ್ತು ಹಾಕುವ ಮೊದಲು ಪಾಲಿಶ್ ಮಾಡುವುದು ರೂಢಿ. ಪಾಲಿಶ್‌ನಿಂದ ಎಷ್ಟು ಸವೆಯುತ್ತದೆ, ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯೇ ಎಂದು ಕೇಳಿ.

ಪಿಪಿಎಫ್: ಇದು ಲೇಪವಲ್ಲ, 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ. ಕಲ್ಲೇಟನ್ನು ಒಂದು ಮಟ್ಟಿಗೆ ತಾಳಿಕೊಳ್ಳುವುದು ಈ ನಾಲ್ಕರಲ್ಲಿ ಇದೊಂದೇ.

ವ್ಯಾಕ್ಸ್ ಮತ್ತು ಸೀಲಂಟನ್ನು ತೊಳೆದು ಒಣಗಿಸಿದ ಕಾರಿಗೆ, ನೆರಳಿನಲ್ಲಿ, ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಕೆಲಸ ಹೆಚ್ಚುತ್ತದೆ. ಗ್ಯಾರೇಜಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ್ದರೆ ಎಷ್ಟು ದಿನ ಬಿಟ್ಟು ಹಚ್ಚಬೇಕೆಂದು ಪೇಂಟರನ್ನೇ ಕೇಳಿ. ಹೊಳಪಿಲ್ಲದ ಮ್ಯಾಟ್ ಪೇಂಟ್ ಆದರೆ ಸಾಮಾನ್ಯ ಪಾಲಿಶ್, ವ್ಯಾಕ್ಸ್ ಎರಡೂ ಬೇಡ.

ಖರ್ಚಿಲ್ಲದ ಕಾಪಾಡುವಿಕೆ

ಬಹಳಷ್ಟು ಕಾರುಗಳ ಹೊಳಪು ಕೆಡುವುದು ಬೆಳಗ್ಗೆ ಒಣಬಟ್ಟೆಯಿಂದ ಧೂಳು ಒರೆಸುವುದರಿಂದ. ರಸ್ತೆಯ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಅವು ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಟ್ಟಿ. ಬಿಸಿಲಿನಲ್ಲಿ ಕಾಣುವ ಜೇಡರ ಬಲೆಯಂಥ ಗೆರೆಗಳು ಹೆಚ್ಚಾಗಿ ಹುಟ್ಟುವುದು ಹೀಗೆ. ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವವರಿದ್ದರೆ ಎರಡು ಮೈಕ್ರೊಫೈಬರ್ ಬಟ್ಟೆ, ಎರಡು ಬಕೆಟ್ ಕೊಡಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಮೊದಲು ನೀರು ಹಾಕಿ ಧೂಳು ಇಳಿಸಿ, ಆಮೇಲೆ ಒರೆಸಬೇಕು.

ಹಕ್ಕಿ ಹಿಕ್ಕೆ ಬಿದ್ದರೆ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಕೆಲವು ನಿಮಿಷ ಇಟ್ಟು ನೆನೆಸಿ, ನಂತರ ಎತ್ತಿ ತೆಗೆಯಿರಿ. ಬಿಸಿಲಿನಲ್ಲಿ ಬಿಟ್ಟರೆ ಅದರ ಗುರುತು ಕ್ಲಿಯರ್ ಕೋಟ್‌ನಲ್ಲೇ ಉಳಿದುಬಿಡುತ್ತದೆ.

ಬೋರ್‌ವೆಲ್ ನೀರಿನಲ್ಲಿ ತೊಳೆದರೆ ತಾನಾಗಿ ಒಣಗಲು ಬಿಡಬೇಡಿ, ಸುಣ್ಣದಂಶದ ಬಿಳಿ ಚುಕ್ಕೆ ಉಳಿಯುತ್ತದೆ. ಬೆಂಗಳೂರಿನವರು ಇನ್ನೊಂದು ವಿಷಯ ನೆನಪಿಡಬೇಕು: ನೀರಿನ ಅಭಾವ ತೀವ್ರವಾದ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, 5000 ರೂಪಾಯಿ ದಂಡ ಘೋಷಿಸಿತ್ತು. ವ್ಯಾಕ್ಸ್ ಇರುವ ಕಾರಿಗೆ ಕೊಳೆ ಕಡಿಮೆ ಅಂಟುವುದರಿಂದ ತೊಳೆಯಲು ನೀರೂ ಕಡಿಮೆ ಸಾಕು.

ಇಲ್ಲಿ ಮಾತ್ರ ಹಚ್ಚಬೇಡಿ

ಹೊಳಪಿನ ಸ್ಪ್ರೇ, ಟೈರ್ ಪಾಲಿಶ್‌ಗಳಲ್ಲಿ ಹೆಚ್ಚಾಗಿ ಸಿಲಿಕೋನ್ ಇರುತ್ತದೆ. ಅದು ಜಾರುತ್ತದೆ. ಸ್ಟೀರಿಂಗ್, ಪೆಡಲ್, ಬ್ರೇಕ್ ಡಿಸ್ಕ್ ಮತ್ತು ಟೈರ್ ರಸ್ತೆಗೆ ತಾಗುವ ಭಾಗಕ್ಕೆ ಹಚ್ಚಲೇಬೇಡಿ. ಬೈಕಿನ ಟೈರ್ ಮತ್ತು ಸೀಟಿಗಂತೂ ಇದು ಪ್ರಾಣದ ಪ್ರಶ್ನೆ. ಬಾಡಿ ವ್ಯಾಕ್ಸ್ ಮುಂದಿನ ಗಾಜಿಗೆ ತಾಗಿದರೆ ಮಳೆಯ ರಾತ್ರಿ ಎದುರಿನ ಬೆಳಕು ಹರಡಿ ಕಣ್ಣು ಕುಕ್ಕುತ್ತದೆ.

ಒಟ್ಟಿನಲ್ಲಿ, ಪಾಲಿಶ್ ಅಪರೂಪಕ್ಕೆ, ವ್ಯಾಕ್ಸ್ ಆಗಾಗ, ಒಣಬಟ್ಟೆ ಎಂದೂ ಬೇಡ. ಮುಂದಿನ ಸಲ ಗ್ರೂಪಿನಲ್ಲಿ ಟೂತ್‌ಪೇಸ್ಟ್ ವಿಡಿಯೊ ಬಂದರೆ ಈ ಒಂದು ಸಾಲನ್ನು ಕಳಿಸಿ.