ಗಡಿಯ ಈಚೆಯಿಂದ 1948: ಹೈದರಾಬಾದ್ ಕಾರ್ಯಾಚರಣೆ, ಮುಚ್ಚಿಟ್ಟ ವರದಿ ಮತ್ತು ಗದಗ ಸೀಮೆಯ ನೆನಪು

ಗದಗ ತಾಲ್ಲೂಕು 1948ರಲ್ಲಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಗದಗದಿಂದ ಹೊಸಪೇಟೆಯ ಕಡೆ ಹೊರಟ ರೈಲು ಹರ್ಲಾಪುರ ದಾಟಿ ಬನ್ನಿಕೊಪ್ಪ ಮುಟ್ಟಿತೆಂದರೆ ಹೈದರಾಬಾದ್ ನಿಜಾಮರ ನೆಲ, ಈ ಕಡೆಯವರ ಬಾಯಲ್ಲಿ ಮೊಗಲಾಯಿ. ಅಲ್ಲಿನ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಇತ್ತ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಬಂಡಿ ಕಟ್ಟಿಕೊಂಡು ಸಂತೆಗೆ ಹೋದವನು ಹೋಗಿ ಬರುವಷ್ಟರಲ್ಲಿ ಎರಡು ಮೂರು ಸರಕಾರಗಳ ಹದ್ದು ದಾಟುತ್ತಿದ್ದ. ಹೀಗೆ ಚೂರುಚೂರಾದ ಸೀಮೆಯಲ್ಲಿ ಹೈದರಾಬಾದಿನ ಸಂಘರ್ಷವನ್ನು ಜನ ಕಂಡದ್ದು ತಾವು ಗಡಿಯ ಯಾವ ಕಡೆ ಇದ್ದರೋ ಆ ಕಡೆಯಿಂದ. ಆ ನೋಟಗಳನ್ನು ಒಂದೆಡೆ ತರಬಲ್ಲ ಒಂದು ವರದಿ ಸಿದ್ಧವಾಗಿತ್ತು. ಸರಕಾರ ಅದನ್ನು ಬೀಗ ಹಾಕಿ ಇಟ್ಟಿತು. ಭಾರತದ ಲೋಪ ವಿಚಾರಣೆ ನಡೆಸದೆ ಇದ್ದದ್ದಲ್ಲ, ನಡೆಸಿದ ವಿಚಾರಣೆಯನ್ನು ಮುಚ್ಚಿಟ್ಟದ್ದು ಎಂಬುದು ಈ ಲೇಖನದ ವಾದ.

ಹಿನ್ನೆಲೆ ಬಹುಮಟ್ಟಿಗೆ ಪರಿಚಿತ. 1947ರ ನವೆಂಬರ್ 29ರಂದು ನಿಜಾಮರ ಸರಕಾರ ಭಾರತದೊಡನೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತು. ಮುಂದಿನ ತಿಂಗಳುಗಳಲ್ಲಿ ಕಾಸಿಂ ರಜ್ವಿಯ ನಾಯಕತ್ವದ, ನಿಜಾಮರ ಪರವಾದ ಖಾಸಗಿ ಪಡೆ ರಜಾಕಾರರ ಹಾವಳಿ ಹಳ್ಳಿಹಳ್ಳಿಗೆ ಹಬ್ಬಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಡೆದ ಹತ್ಯಾಕಾಂಡ ಅದರ ಅತಿ ಕ್ರೂರ ರೂಪ. ನಿಜಾಮರ ಆಡಳಿತವನ್ನು ಎದುರಿಸಿದ ಮುಸ್ಲಿಮರೂ ಉಳಿಯಲಿಲ್ಲ. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಆಗಸ್ಟ್‌ನಲ್ಲಿ ಕೊಲೆಯಾದರು. ಗಡಿ ದಾಟಿ ಬಂದ ಕುಟುಂಬಗಳು ಧಾರವಾಡ ಜಿಲ್ಲೆಯ ಊರುಗಳಲ್ಲಿ ಆಸರೆ ಪಡೆದವು. ಹೋರಾಟದ ಶಿಬಿರಗಳು ಎದ್ದದ್ದೂ ಇಲ್ಲಿಯೇ: ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ಕ್ಕೆ ನಿಜಾಮರು ಸೋಲೊಪ್ಪಿದರು.

ನಮ್ಮ ಪಠ್ಯಪುಸ್ತಕಗಳ ಕಥೆ ಇಲ್ಲಿಗೆ ಮುಗಿಯುತ್ತದೆ. ಬೀದರ್, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡಗಳ ಹಳ್ಳಿಗಳಲ್ಲಿ ಇನ್ನೊಂದು ಕಥೆ ಶುರುವಾದದ್ದು ಅದೇ ವಾರ. ರಜಾಕಾರರು ಓಡಿಹೋದರು, ಇಲ್ಲವೇ ಸೆರೆಯಾದರು. ಸೇಡಿಗೆ ಸಿಕ್ಕವರು ಊರಲ್ಲೇ ಉಳಿದ ಸಾಮಾನ್ಯ ಮುಸ್ಲಿಮರು: ರೈತರು, ನೇಕಾರರು, ಕೂಲಿಗಳು, ನಿಜಾಮರ ಸಣ್ಣಪುಟ್ಟ ನೌಕರರು. ಸುದ್ದಿ ದೆಹಲಿಗೆ ಮುಟ್ಟಿದಾಗ ಪ್ರಧಾನಿ ನೆಹರೂ ಪಂಡಿತ್ ಸುಂದರಲಾಲರನ್ನು ಕಳಿಸಿದರು. ಜೊತೆಗೆ ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಈ ತಂಡ ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿ, 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಕಾರ್ಯಾಚರಣೆಯ ವೇಳೆ ಮತ್ತು ಅನಂತರ ಸತ್ತವರು 27,000ದಿಂದ 40,000 ಎಂಬುದು ಅದರ ಅಂದಾಜು. ಮೇಲೆ ಹೇಳಿದ ನಾಲ್ಕು ಜಿಲ್ಲೆಗಳಲ್ಲೇ 18,000ಕ್ಕೆ ಕಡಿಮೆಯಿಲ್ಲ. ಈ ಸಂಖ್ಯೆಯನ್ನು ಎಲ್ಲರೂ ಒಪ್ಪಿಲ್ಲ. ಮೂರು ವಾರಗಳ ಪ್ರವಾಸದಲ್ಲಿ ಮಾಡಿದ ಅಂದಾಜು ಅದು, ಹಾಗೆಂದೇ ಅದನ್ನು ಓದಬೇಕು. ಆದರೆ ಅಂದಾಜು ಒರಟಾಗಿದೆ ಎಂದ ಮಾತ್ರಕ್ಕೆ ಘಟನೆಯೇ ಇಲ್ಲವಾಗುವುದಿಲ್ಲ.

ವರದಿಯ ಬಲ ಸಂಖ್ಯೆಯಲ್ಲಿಲ್ಲ, ಅದರ ತೂಕದ ಮಾತಿನಲ್ಲಿದೆ. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಗೆ ಕುಮ್ಮಕ್ಕು ಕೊಟ್ಟರು, ಕೈಜೋಡಿಸಿದರು ಎನ್ನುವ ಅದೇ ವರದಿ ಸೇನಾ ಗವರ್ನರ್ ಜೆ.ಎನ್. ಚೌಧುರಿಯವರಲ್ಲಿ ಕೋಮುಭಾವನೆಯ ಸೋಂಕಿಲ್ಲವೆಂದು ಬರೆಯುತ್ತದೆ. ಶೋಲಾಪುರ ಮತ್ತಿತರ ಪಟ್ಟಣಗಳಿಂದ ಬಂದ ತರಬೇತಿ ಪಡೆದ ಗುಂಪುಗಳ ಪಾತ್ರವನ್ನು ಹೇಳುತ್ತದೆ. ಹಿಂದೂ ನೆರೆಯವರು ಮುಸ್ಲಿಮರನ್ನು ಕಾಪಾಡಿದ ಪ್ರಸಂಗಗಳನ್ನೂ ದಾಖಲಿಸುತ್ತದೆ. ಅವುಗಳಲ್ಲಿ ಒಂದು, ಗದಗ-ಬೆಟಗೇರಿಯಂಥ ಮಗ್ಗದ ಊರಿನ ಓದುಗರು ನಿಂತು ಓದಬೇಕಾದದ್ದು. ಒಂದೇ ಕಸುಬಿನವರ ನಡುವೆ ಈ ಅಕ್ಕರೆ ಹೆಚ್ಚಾಗಿ ಕಂಡಿತು, ಹಿಂದೂ ನೇಕಾರರು ತಮ್ಮ ಜೀವವನ್ನೇ ಒತ್ತೆಯಿಟ್ಟು ಮುಸ್ಲಿಮ್ ನೇಕಾರರನ್ನು ಉಳಿಸಿದರು ಎಂಬ ಸಂಗತಿ ಅದು. ಸೌಹಾರ್ದವನ್ನು ಸಂತರ ವಾಣಿಯಲ್ಲಿ ಹುಡುಕುವ ನಮಗೆ, ಅದು ಕಸುಬಿನ ನಂಟಿನಲ್ಲೂ ಇರಬಹುದೆಂದು ತೋರಿಸುವ ಈ ಸಾಲುಗಳು ಇಡೀ ವರದಿಯಲ್ಲೇ ಹೆಚ್ಚು ಬೆಲೆಯುಳ್ಳವು.

ಗೃಹಮಂತ್ರಿ ಪಟೇಲರಿಗೆ ವರದಿ ಹಿಡಿಸಲಿಲ್ಲ, ಅದು ಪ್ರಕಟವಾಗಲಿಲ್ಲ. ಆದರೂ ವಿಷಯ ಗುಟ್ಟಾಗಿ ಉಳಿಯಲಿಲ್ಲ. ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1950ರಲ್ಲೇ ವಿದ್ವತ್ ಪತ್ರಿಕೆಯೊಂದರಲ್ಲಿ ಇದನ್ನು ಬರೆದರು. 1988ರಲ್ಲಿ ಒಮರ್ ಖಾಲಿದಿ, ಆಮೇಲೆ ಎ.ಜಿ. ನೂರಾನಿ ಮುಂದುವರಿಸಿದರು. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ವರದಿಯ ಪ್ರತಿ ಓದಲು ಸಿಕ್ಕಿದ್ದು 2013ರ ಹೊತ್ತಿಗೆ. ಕಂಡವರು ಬದುಕಿದ್ದಾಗ ಕಾಗದ ಸಿಗಲಿಲ್ಲ, ಕಾಗದ ಸಿಕ್ಕಾಗ ಕಂಡವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ.

ಬೇರೆ ದೇಶಗಳೊಡನೆ ಹೋಲಿಸುವಾಗ ಜರ್ಮನಿಯನ್ನು ಎಳೆದು ತರುವುದು ರೂಢಿ. ನಾಜಿ ಅಪರಾಧಗಳಿಗೆ ಪರಿಹಾರ ಕೊಡಲು ಒಪ್ಪಿದ 1952ರ ಲಕ್ಸೆಂಬರ್ಗ್ ಒಪ್ಪಂದ, 1970ರಲ್ಲಿ ವಾರ್ಸಾದಲ್ಲಿ ಮಂಡಿಯೂರಿದ ಚಾನ್ಸಲರ್ ವಿಲ್ಲಿ ಬ್ರಾಂಟ್ ಎಲ್ಲರೂ ಬಲ್ಲ ಸಂಗತಿಗಳು. ಆದರೆ ಜರ್ಮನಿ ಸೋತ ದೇಶ. ಗೆದ್ದ ದೇಶ ತನ್ನದೇ ಅಲ್ಪಸಂಖ್ಯಾತರಿಗೆ ಮಾಡಿದ ಅನ್ಯಾಯವನ್ನು ಹೇಗೆ ಎದುರಿಸಿತು ಎಂಬುದಕ್ಕೆ ಅಮೆರಿಕದ ಉದಾಹರಣೆ ನಮಗೆ ಹತ್ತಿರ. 1942ರಲ್ಲಿ ಸುಮಾರು 1,20,000 ಜಪಾನೀ ಮೂಲದವರನ್ನು ಅಲ್ಲಿ ಶಿಬಿರಗಳಿಗೆ ತಳ್ಳಲಾಯಿತು. 1980ರಲ್ಲಿ ನೇಮಕವಾದ ಆಯೋಗ ಊರೂರಲ್ಲಿ ಬಹಿರಂಗವಾಗಿ ಸಾಕ್ಷ್ಯ ಕೇಳಿ, ತಾನು ಕಂಡದ್ದನ್ನು ಪ್ರಕಟಿಸಿತು. 1988ರಲ್ಲಿ ಕಾನೂನೇ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಅವರು ವಿಚಾರಣೆಗೆ ನಾಲ್ಕು ದಶಕ ತೆಗೆದುಕೊಂಡರು; ನಾವು ಮೂರೇ ತಿಂಗಳಿಗೆ ತಂಡ ಕಳಿಸಿದೆವು. ಆ ಬೇಗಕ್ಕೆ ಹೆಮ್ಮೆ ಪಡಬಹುದಿತ್ತು, ಆದರೆ ತಂಡದ ವರದಿಯನ್ನು ಮುಚ್ಚಿಟ್ಟು ಮೌನ ಹಿಡಿದೆವು. 1962ರ ಯುದ್ಧಕಾಲದಲ್ಲಿ ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದ ಸುಮಾರು 3,000 ಚೀನೀ ಮೂಲದ ಭಾರತೀಯರ ವಿಷಯದಲ್ಲೂ ಸರಕಾರ ಇದೇ ಮೌನ ಹಿಡಿಯಿತು. ಹೈದರಾಬಾದಿನದು ಒಂಟಿ ಪ್ರಸಂಗವಲ್ಲ.

ವರದಿ ಮುಚ್ಚಿಹೋದದ್ದರಿಂದ ಗಡಿಸೀಮೆಯಲ್ಲಿ ಏನಾಯಿತು? ನೆನಪನ್ನು ದಾಖಲೆಯಾಗಿಸುವ ಕೆಲಸ ಪಿಂಚಣಿ ಕಚೇರಿಗೆ ಬಿತ್ತು. 1972ರಲ್ಲಿ ಕೇಂದ್ರ ಸರಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ಜಾರಿಗೆ ತಂದಿತು. ಮುಂದೆ ಗಡಿ ಶಿಬಿರಗಳಲ್ಲಿ ಇದ್ದವರೂ ಅದಕ್ಕೆ ಅರ್ಹರಾದರು. ಅರ್ಜಿಗೆ ಬೇಕಾದದ್ದು ಶಿಬಿರದ ಹೆಸರು, ಮುಖ್ಯಸ್ಥರ ಪ್ರಮಾಣಪತ್ರ, ಮಾಡಿದ ಕೆಲಸದ ವಿವರ. ಕಷ್ಟಪಟ್ಟವರಿಗೆ ಸಿಗಬೇಕಾದ ಗೌರವವೇ ಅದು, ತಕರಾರಿಲ್ಲ. ಆದರೆ 1948ರ ಸೆಪ್ಟೆಂಬರ್ 17ರ ಆಚೆಗೆ ಏನು ಕಂಡಿರಿ ಎಂದು ಯಾವ ಅರ್ಜಿಯೂ ಕೇಳುವಂತಿರಲಿಲ್ಲ. ಗಡಿ ಹೋರಾಟದ ಸ್ಮರಣ ಸಾಹಿತ್ಯವೂ ಬಹುಪಾಲು ಇದೇ ಅಚ್ಚಿನಲ್ಲಿ ಎರಕವಾಯಿತು: ರಜಾಕಾರರ ಹಾವಳಿ, ಶಿಬಿರ, ದಾಳಿ, ಧ್ವಜಾರೋಹಣ. 2023ರ ಮಾರ್ಚ್‌ನಲ್ಲಿ ಗೋರಟಾದಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು, ಆಗಬೇಕಾದದ್ದೇ. ಅದೇ ಜಿಲ್ಲೆಯಲ್ಲಿ, ಗೋರಟಾ ಹತ್ಯಾಕಾಂಡದ ನಾಲ್ಕು ತಿಂಗಳ ನಂತರ, 1948ರಲ್ಲೇ ಸತ್ತವರಿಗೆ ಅಂಥ ಮನ್ನಣೆ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ರಜಾಕಾರರ ಕ್ರೌರ್ಯವನ್ನು ಇದು ಹಗುರ ಮಾಡುವುದಿಲ್ಲವೇ? ಮಾಡುವುದಿಲ್ಲ. ರಜ್ವಿಗೆ ಶಿಕ್ಷೆಯಾಯಿತು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಅವನ ತಪ್ಪಿಗೆ ಅರೆಬರೆಯಾದರೂ ನ್ಯಾಯದ ಕಟಕಟೆ ಸಿಕ್ಕಿತು. ಅವನ ಹೆಸರಿನಲ್ಲಿ ಸೇಡಿಗೆ ಬಲಿಯಾದ ರೈತನ ಮನೆಯವರಿಗೆ ಅಷ್ಟೂ ಸಿಗಲಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ನಾಜೂಕಿನದು. ಶಿರಹಟ್ಟಿಯ ಫಕೀರೇಶ್ವರ ಮಠದ, ಶಿಶುನಾಳ ಶರೀಫರ ಸೀಮೆ ಇದು, ಇಲ್ಲಿ ಇಂಥ ಮಾತೇಕೆ ಎನ್ನುವವರಿದ್ದಾರೆ. ಆ ಪರಂಪರೆ ನಿಜ. ಆದರೆ ಅದನ್ನು ಪ್ರಶ್ನೆಗೆ ಅಡ್ಡ ಹಿಡಿದರೆ ಪರಂಪರೆಗೂ ನ್ಯಾಯವಾಗದು, ಪ್ರಶ್ನೆಗೂ ಆಗದು.

ಮುಂದಿನ ಶೋಧಕ್ಕೆ ಗದಗ ಸೀಮೆ ಒದಗಿಸಬಲ್ಲದ್ದು ಬಹಳವಿದೆ. ಧಾರವಾಡ ಜಿಲ್ಲಾ ಆಡಳಿತದ 1947-50ರ ನಿರಾಶ್ರಿತರ ಕಡತಗಳನ್ನು ಎರಡು ಅಲೆಗಳಾಗಿ ಓದಬೇಕು: 1948ರ ಸೆಪ್ಟೆಂಬರಿಗೆ ಮುಂಚೆ ಗಡಿ ದಾಟಿದವರು ಯಾರು, ಆಮೇಲೆ ದಾಟಿದವರು ಯಾರು? ಅದೇ ಅವಧಿಯಲ್ಲಿ ಗಡಿಯಾಚೆಯ ಹಳ್ಳಿಗಳಲ್ಲಿ ಕೈಬದಲಾದ ಹೊಲಮನೆಗಳ ವಿವರ ಕಂದಾಯ ದಾಖಲೆಗಳಲ್ಲಿ ಹುಡುಕಬೇಕು. ಬಾಯಿ ಬಿಡದ ಊರಲ್ಲೂ ಜಮೀನಿನ ಕಾಗದ ಮಾತಾಡುವುದುಂಟು. ಬೆಟಗೇರಿಯ ನೇಕಾರ ಮನೆತನಗಳಿಗೆ ಮೊಗಲಾಯಿಯ ಮಗ್ಗದವರೊಡನೆ ನೂಲಿನ, ಸೀರೆಯ ವ್ಯವಹಾರವಿತ್ತೇ, ಇದ್ದರೆ ಆ ಶರತ್ಕಾಲದಲ್ಲಿ ಯಾರು ಯಾರ ಮನೆಗೆ ಬಂದು ತಂಗಿದರು ಎಂದು ಕೇಳುವುದಕ್ಕೆ ಮೂರನೆಯ ತಲೆಮಾರಿನವರು ಇನ್ನೂ ಇದ್ದಾರೆ.