ಮುನಿದು ಹೋದವರು ಮರಳಿ ಬಂದಾಗ

ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿ ವರ್ಷ ತುಂಬುವ ಮೊದಲೇ, 1949ರ ಫೆಬ್ರವರಿಯಲ್ಲಿ, ಸೋವಿಯತ್ ಒಕ್ಕೂಟ ಮುನಿಸಿಕೊಂಡು ಹೊರನಡೆಯಿತು. ಪೂರ್ವ ಯುರೋಪಿನ ಮಿತ್ರರೂ ಹಿಂದೆಯೇ ಎದ್ದರು. ಆದರೆ ಸಂಸ್ಥೆಯ ಸಂವಿಧಾನದಲ್ಲಿ ಸದಸ್ಯತ್ವ ಬಿಡುವ ದಾರಿಯೇ ಇರಲಿಲ್ಲ! ಹಾಗಾಗಿ ಅವರ ಹೆಸರು ಹೊಡೆದುಹಾಕದೆ 'ನಿಷ್ಕ್ರಿಯ ಸದಸ್ಯರು' ಎಂದು ಬರೆದಿಟ್ಟುಕೊಂಡರು. ಗುಮಾಸ್ತಗಿರಿಯ ಈ ಜಾಣತನ ಫಲ ಕೊಟ್ಟಿತು. 1950ರ ದಶಕದ ಉತ್ತರಾರ್ಧದಲ್ಲಿ ಮರಳಿದಾಗ ಅವರು ಹೊಸದಾಗಿ ಅರ್ಜಿ ಹಾಕಿಕೊಳ್ಳಬೇಕಾಗಲಿಲ್ಲ.

ಬಂದವರು ಬರಿಗೈಯಲ್ಲಿ ಬರಲಿಲ್ಲ. 1958ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಡೆದ ಮಹಾಸಭೆಯಲ್ಲಿ ಸೋವಿಯತ್ ಉಪ ಆರೋಗ್ಯ ಮಂತ್ರಿ ವಿಕ್ಟರ್ ಜ್ದಾನೊವ್, ಸಿಡುಬನ್ನು ಭೂಮಿಯಿಂದಲೇ ಅಳಿಸೋಣ ಎಂದರು. ಸಿಡುಬಿಗೆ ಲಸಿಕೆ ಕಂಡುಹಿಡಿದ ಜೆನ್ನರ್‌ಗೆ ಅಮೆರಿಕದ ಅಧ್ಯಕ್ಷ ಜೆಫರ್ಸನ್ 1806ರಲ್ಲಿ ಬರೆದ ಪತ್ರವನ್ನೂ ನೆನಪಿಸಿದರು. ಆತಿಥೇಯರನ್ನು ಒಲಿಸಿಕೊಳ್ಳುವ ಕಲೆ ಅವರಿಗೆ ಗೊತ್ತಿತ್ತು. ಮರುವರ್ಷ ಮಹಾಸಭೆ ಒಪ್ಪಿತು.

ಕೆಲಸಕ್ಕೆ ವೇಗ ಬಂದದ್ದು 1967ರಲ್ಲಿ, ಅಮೆರಿಕದ ಡಿ.ಎ. ಹೆಂಡರ್ಸನ್ ಮುಂದಾಳತ್ವದಲ್ಲಿ. ಬಿಸಿಲಿಗೂ ಬಾಳುವಂತೆ ಲಸಿಕೆಯನ್ನು ಒಣಗಿಸುವ ವಿಧಾನ ಬ್ರಿಟನ್ನಿನದು, ಕೋಟಿಗಟ್ಟಲೆ ಡೋಸುಗಳು ಸೋವಿಯತ್ತಿನವು, ಸೂಜಿ ಅಮೆರಿಕದ್ದು. ಆ ಸೂಜಿಯ ತುದಿ ಎರಡು ಕವಲು. ಲಸಿಕೆಯಲ್ಲಿ ಅದ್ದಿದರೆ ಕವಲಿನ ನಡುವೆ ಒಂದೇ ಹನಿ ನಿಲ್ಲುತ್ತಿತ್ತು. ತೋಳಿನ ಮೇಲೆ ಹದಿನೈದು ಸಲ ಚಕಚಕನೆ ಚುಚ್ಚಿದರೆ ಮುಗಿಯಿತು. ಮೈಲಿ ಹಾಕುವ ಈ ಕೆಲಸ ಯಾರು ಬೇಕಾದರೂ ಬೇಗ ಕಲಿಯುವಂಥದ್ದು. ಸೂಜಿ ತಯಾರಿಸಿದ ವೈಯತ್ ಕಂಪನಿ ರಾಯಧನ ಕೇಳಲಿಲ್ಲ. ಭಾರತದಲ್ಲಿ 1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಂಗಂಜ್‌ನಲ್ಲಿ ಕಂಡದ್ದೇ ಕೊನೆಯ ಪ್ರಕರಣ. ಜಗತ್ತಿನಲ್ಲಿ ಸಹಜವಾಗಿ ಹರಡಿದ ಕೊನೆಯ ಪ್ರಕರಣ ಸೊಮಾಲಿಯಾದಲ್ಲಿ, 1977ರ ಅಕ್ಟೋಬರಿನಲ್ಲಿ.

ಆದರೂ ಸಿಡುಬು ಅಳಿಯಿತೆಂದು ಘೋಷಣೆ ಮಾಡುವಂತಿರಲಿಲ್ಲ. 1972ರವರೆಗೆ ಸಂಸ್ಥೆಯ ಹೊರಗಿದ್ದ ಚೀನಾ, ಸಿಡುಬನ್ನು 1960ರ ದಶಕದ ಆರಂಭದಲ್ಲೇ ತಾನೇ ಓಡಿಸಿತ್ತು, ನಿಜ. ಆದರೆ ಅದನ್ನು ನೋಡಿದ ಹೊರಗಿನವರು ಯಾರು? ಕೊನೆಗೆ 1979ರಲ್ಲಿ ತಜ್ಞರು ಯುನ್ನಾನ್‌ಗೆ ಹೋಗಿ ಪರಿಶೀಲಿಸಿ ಬಂದರು. ಅದೇ ಡಿಸೆಂಬರಿನಲ್ಲಿ ಪ್ರಮಾಣಪತ್ರಕ್ಕೆ ಸಹಿ ಬಿತ್ತು. 1980ರ ಮೇ 8ರಂದು ಮಹಾಸಭೆ ಜಗತ್ತಿಗೆ ಸಾರಿತು.

ಜಗತ್ತೇ ಹೀಗೆ ಕಾದು ಒಳಗೆ ಸೇರಿಸಿಕೊಂಡ ಅದೇ ಚೀನಾ ಇಂದು ಸಂಸ್ಥೆಗೆ ತೈವಾನ್ ಬರದಂತೆ ಅಡ್ಡ ನಿಂತಿರುವುದು ವಿಚಿತ್ರ. 2003ರಲ್ಲಿ ಸಾರ್ಸ್ ತೈವಾನಿಗೆ ನುಗ್ಗಿದಾಗ ಅದಕ್ಕೆ ಸಂಸ್ಥೆಯಲ್ಲಿ ಯಾವ ಸ್ಥಾನವೂ ಇರಲಿಲ್ಲ. 2009ರಿಂದ 2016ರವರೆಗೆ ಮಹಾಸಭೆಯಲ್ಲಿ 'ಚೈನೀಸ್ ತೈಪೆ' ಹೆಸರಿನ ವೀಕ್ಷಕನಾಗಿ ಕೂರಲು ಬಿಟ್ಟರು. 2017ರಲ್ಲಿ ಆ ಆಹ್ವಾನವೂ ನಿಂತಿತು.