ಕಾಂಟೆಸಾಕ್ಕೆ ಎರಡನೆಯ ಎಂಜಿನ್

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಕಾಂಟೆಸಾ ಕಾರು ಸಾಗಿದರೆ ನಿಂತು ನೋಡುವ ಕಾಲವೊಂದಿತ್ತು. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಹೊರತಂದ ಈ ಶೋಕಿ ಕಾರಿನ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು. ಒಳಗಿದ್ದುದು ಮಾತ್ರ ಅಂಬಾಸಿಡರ್‌ನ 1489 ಸಿ.ಸಿ. ಎಂಜಿನ್. ಆ ಭಾರಕ್ಕೆ ಈ ಶಕ್ತಿ ಸಾಲದಾಯಿತು. ಅನಂತರ ಜಪಾನಿನ ಇಸುಜು ಕಂಪೆನಿಯ 1.8 ಲೀಟರ್ ಎಂಜಿನ್ ಬಂದಿತು. 1990ರ ದಶಕದಲ್ಲಿ ಅದು ಅಂಬಾಸಿಡರ್‌ಗೂ ದೊರೆಯಿತು.

ಇಲ್ಲಿಯೇ ಒಂದು ಲೆಕ್ಕ ಹುಟ್ಟಿತು. ಮೊದಲ ಕಾಂಟೆಸಾ ಉಳ್ಳವರು ಇಸುಜು ಎಂಜಿನ್ನಿನ ಹಳೆಯ ಅಂಬಾಸಿಡರನ್ನೇ ಇಡಿಯಾಗಿ ಕೊಂಡು ಬಿಚ್ಚುವುದು. ಎಂಜಿನ್, ಗೇರ್‌ಬಾಕ್ಸ್ ತಮಗೆ. ಬಾಗಿಲು, ಬಾನೆಟ್, ಬಂಪರ್, ಗಾಜು ಇತರ ಅಂಬಾಸಿಡರ್ ಮಾಲೀಕರಿಗೆ. ಉಳಿದ ತಗಡು ತೂಕದ ಲೆಕ್ಕದಲ್ಲಿ ಗುಜರಿಗೆ. ಬಿಡಿಭಾಗಗಳು ಮಾರಾಟವಾದಷ್ಟೂ ಎಂಜಿನ್ನಿನ ಬೆಲೆ ಇಳಿಯುತ್ತದೆ.

ಚಾಮರಾಜನಗರದ ಹಳೆಯ ವಿದ್ಯಾರ್ಥಿಯೊಬ್ಬ ಇದಕ್ಕೆ ಕೈಹಾಕಲೇ ಎಂದು ಕೇಳಿದಾಗ ಎರಡು ಮಾತು ಹೇಳಿದೆ. ಎಂಜಿನ್ ಸಂಖ್ಯೆ ಆರ್.ಸಿ.ಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಆರ್.ಟಿ.ಒ. ಒಪ್ಪಿಗೆ ಬೇಕು, ಬಿಚ್ಚಿದ ಕಾರಿನ ನೋಂದಣಿಯೂ ರದ್ದಾಗಬೇಕು. ಕೇರಳ, ತಮಿಳುನಾಡು ಎರಡೂ ಗಡಿಗಳಿರುವ ನಮ್ಮ ಜಿಲ್ಲೆಯಲ್ಲಿ ಕಾಗದವಿಲ್ಲದ ಕಾರು ಬಹುದೂರ ಹೋಗದು.

ಎರಡನೆಯದು ಇದಕ್ಕಿಂತ ದೊಡ್ಡದು. ಕಾಂಟೆಸಾ ತಯಾರಿಕೆ 2002ರಲ್ಲಿ, ಅಂಬಾಸಿಡರ್ 2014ರಲ್ಲಿ ನಿಂತಿತು. ಇನ್ನು ಬಿಚ್ಚಿದ ಒಂದೊಂದೂ ಮರಳಿ ಹುಟ್ಟುವುದಿಲ್ಲ. ಓಡಬಲ್ಲ ಅಂಬಾಸಿಡರನ್ನು ಕೊಂದು ಕಾಂಟೆಸಾವನ್ನು ಬದುಕಿಸಬೇಡಿ. ಅಪಘಾತದಲ್ಲಿ ನುಜ್ಜಾದದ್ದನ್ನೋ ತುಕ್ಕು ತಿಂದದ್ದನ್ನೋ ಹುಡುಕಿ. ಆಗ ಲೆಕ್ಕವೂ ಸರಿಹೋಗುತ್ತದೆ, ಮನಸ್ಸೂ ಹಗುರಾಗುತ್ತದೆ.